ಬೀಜ ಕೂಡಿಸಿದ ವಾವಿಲೋವ್ ಹಸಿವಿನಿಂದ ಸತ್ತದ್ದು ನಿಜ, ಆದರೆ ಫಾರ್ವರ್ಡ್ ಹೇಳಿದ ಹಾಗಲ್ಲ

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದೇ ದಿನ ಎರಡು ಫಾರ್ವರ್ಡ್ ಬಂದವು. ಮೊದಲನೆಯದು ಚಿಕ್ಕಮ್ಮ ಕಳಿಸಿದ್ದು. ಒಂದು ತಟ್ಟೆಯಲ್ಲಿ ನಮ್ಮ ಸಣ್ಣ ಕಂದು ಕಡಲೆ, ಪಕ್ಕದ ತಟ್ಟೆಯಲ್ಲಿ ದಪ್ಪ ಬಿಳಿ ಕಾಬೂಲಿ ಕಡಲೆ. ಸಣ್ಣದು ಪ್ರಕೃತಿ ಕೊಟ್ಟದ್ದು, ದಪ್ಪದ್ದು ಲ್ಯಾಬಿನಲ್ಲಿ ಜೀನ್ ತಿದ್ದಿ ಮಾಡಿದ್ದು, ಮಕ್ಕಳಿಗೆ ಕೊಡಬೇಡಿ ಅಂತ ಕೆಂಪು ಅಕ್ಷರದ ಎಚ್ಚರಿಕೆ. ಎರಡನೆಯದು ದೊಡ್ಡಪ್ಪ ಕಳಿಸಿದ್ದು. ರಷ್ಯಾದ ವಿಜ್ಞಾನಿಯೊಬ್ಬರು ಯುದ್ಧದ ಕಾಲದಲ್ಲಿ ಬೀಜದ ಉಗ್ರಾಣದೊಳಗೆ ಬಾಗಿಲು ಹಾಕಿಕೊಂಡು ಕೂತು, ಸುತ್ತ ಮೂಟೆಗಟ್ಟಲೆ ಧಾನ್ಯವಿದ್ದರೂ ಒಂದು ಕಾಳು ಮುಟ್ಟದೆ ಪ್ರಾಣ ಬಿಟ್ಟರಂತೆ. ಕೆಳಗೆ ಕೈಮುಗಿದ ಇಮೋಜಿಗಳ ಸಾಲು.

ಒಂದು ಕಡಲೆಯ ವಿಷಯ, ಇನ್ನೊಂದು ಯುದ್ಧದ ವಿಷಯ, ಒಂದಕ್ಕೊಂದು ಸಂಬಂಧವೇ ಇಲ್ಲ ಅಂದುಕೊಂಡು ಪರಿಶೀಲಿಸಲು ಕೂತೆ. ಸಂಬಂಧ ಇದೆ. ದೊಡ್ಡಪ್ಪನ ಫಾರ್ವರ್ಡಿನಲ್ಲಿರುವ ವಿಜ್ಞಾನಿಯ ಹೆಸರು ನಿಕೊಲಾಯ್ ವಾವಿಲೋವ್. ಕಾಳು ಒಂದೂರಲ್ಲಿ ಸಣ್ಣದು, ಇನ್ನೊಂದೂರಲ್ಲಿ ದಪ್ಪ ಯಾಕೆ ಎಂದು ಲೋಕ ಸುತ್ತಿ ನೋಡಿದವರು ಇವರೇ. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇರುವುದು ದೊಡ್ಡಪ್ಪನ ಫಾರ್ವರ್ಡಿನ ಮನುಷ್ಯನ ಹತ್ತಿರ.

ಮೊದಲೇ ಹೇಳಿಬಿಡುತ್ತೇನೆ. ಕಡಲೆಯ ಫಾರ್ವರ್ಡ್ ಸುಳ್ಳು. ವಾವಿಲೋವ್ ಫಾರ್ವರ್ಡ್ ಅರ್ಧ ನಿಜ. ಅದು ಬಿಟ್ಟಿರುವ ಅರ್ಧ ಇನ್ನೂ ಕಠೋರವಾದದ್ದು.

ಹಸಿವಿನ ಕಥೆ ಕೇಳಿ ಬೆಳೆದ ಹುಡುಗ

ವಾವಿಲೋವ್ ಹುಟ್ಟಿದ್ದು 1887ರ ನವೆಂಬರ್ 25ರಂದು, ಮಾಸ್ಕೋದಲ್ಲಿ. ಅಪ್ಪ ಬಡ ರೈತರ ಮನೆಯಿಂದ ನಗರಕ್ಕೆ ಬಂದು ಬಟ್ಟೆ ವ್ಯಾಪಾರದಲ್ಲಿ ಮೇಲೆ ಬಂದವರು. ಹುಡುಗನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ, 1891-92ರಲ್ಲಿ, ರಷ್ಯಾದಲ್ಲಿ ದೊಡ್ಡ ಬರಗಾಲ ಬಂತು. ಮುಂದೆ 1921-22ರಲ್ಲಿ ವೋಲ್ಗಾ ನದಿಯ ಸೀಮೆಯಲ್ಲಿ ಇನ್ನೊಂದು. ಎರಡು ಬರಗಾಲಗಳ ನಡುವೆ ಬೆಳೆದ ಈ ಮನುಷ್ಯನಿಗೆ ಬೆಳೆ ಕೈಕೊಡುವುದು ಎಂದರೇನು ಎಂದು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ತಮ್ಮ ಸೆರ್ಗೆಯ್ ಭೌತಶಾಸ್ತ್ರಕ್ಕೆ ಹೋದರು. ಅಣ್ಣ ಮಾಸ್ಕೋದ ಕೃಷಿ ಕಾಲೇಜು ಸೇರಿದರು. ವಿದ್ಯಾರ್ಥಿಯಾಗಿದ್ದಾಗ ಮಾಡಿದ ಮೊದಲ ಅಧ್ಯಯನ ಬೆಳೆ ತಿನ್ನುವ ಬಸವನಹುಳುಗಳ ಮೇಲೆ. 1913-14ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಲಿಯಂ ಬೇಟ್‌ಸನ್ ಅವರ ಬಳಿ ಕಲಿತರು. ತಳಿಶಾಸ್ತ್ರ ಆಗಿನ್ನೂ ಎಳೆಯ ಕೂಸು.

ಬೀಜದ ಗಾತ್ರದ ಕಥೆ ಶುರುವಾಗುವುದು 1916ರಲ್ಲಿ, ಪರ್ಷಿಯಾದಲ್ಲಿ, ಅಂದರೆ ಈಗಿನ ಇರಾನಿನಲ್ಲಿ. ಅಲ್ಲಿದ್ದ ರಷ್ಯನ್ ಸೈನಿಕರು ರೊಟ್ಟಿ ತಿಂದು ಕುಡಿದವರ ಹಾಗೆ ತೂರಾಡುತ್ತಿದ್ದರು, ಕಾಯಿಲೆ ಬೀಳುತ್ತಿದ್ದರು. ಕಾರಣ ಹುಡುಕಲು ವಾವಿಲೋವ್ ಅವರನ್ನು ಕಳಿಸಿದರು. ಹಿಟ್ಟಿನಲ್ಲಿ ಗೋಧಿಯ ಜೊತೆಗೆ ಒಂದು ಹುಲ್ಲಿನ ಕಾಳೂ ಸೇರಿತ್ತು. ಗೋಧಿ ಹೊಲದ ಕಳೆ ಅದು. ಅದರ ಕಾಳಿನೊಳಗೆ ಒಂದು ಶಿಲೀಂಧ್ರ ಮನೆ ಮಾಡಿಕೊಂಡಿರುತ್ತದೆ, ವಿಷ ಬರುವುದು ಅದರಿಂದ.

ಇಲ್ಲಿ ಒಂದು ಪ್ರಶ್ನೆ. ರೈತರು ಧಾನ್ಯ ಕೇರುತ್ತಾರೆ, ತೂರುತ್ತಾರೆ, ಜರಡಿ ಹಿಡಿಯುತ್ತಾರೆ. ಕಳೆಯ ಬೀಜ ಯಾಕೆ ಹೋಗಲಿಲ್ಲ?

ಮೊರದಲ್ಲಿ ಕೇರುವುದನ್ನು ನೋಡಿದವರಿಗೆ ಉತ್ತರ ಹೊಳೆಯುತ್ತದೆ. ಮೊರಕ್ಕೆ ಗೋಧಿ ಯಾವುದು, ಕಳೆ ಯಾವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಭಾರ ಮತ್ತು ಗಾತ್ರ ಮಾತ್ರ. ಹಗುರವಾದದ್ದು ಹಾರುತ್ತದೆ, ಭಾರವಾದದ್ದು ಉಳಿಯುತ್ತದೆ. ಜರಡಿಯಲ್ಲೂ ಅಷ್ಟೇ, ಸಣ್ಣದು ಕೆಳಗೆ ಬೀಳುತ್ತದೆ. ಈಗ ಒಂದು ಕಳೆ ಗಿಡದ ಬೀಜಗಳಲ್ಲಿ ಕೆಲವು ಹುಟ್ಟಿನಿಂದಲೇ ಸ್ವಲ್ಪ ದಪ್ಪಗಿವೆ ಎಂದುಕೊಳ್ಳಿ, ಸರಿಸುಮಾರು ಗೋಧಿಯಷ್ಟು. ಸಣ್ಣವೆಲ್ಲ ಕಣದಲ್ಲೇ ಹಾರಿಹೋಗುತ್ತವೆ. ದಪ್ಪಗಿರುವವು ಗೋಧಿಯ ಜೊತೆ ಬಿತ್ತನೆ ಚೀಲ ಸೇರಿ, ಮುಂದಿನ ವರ್ಷ ರೈತನ ಕೈಯಿಂದಲೇ ಹೊಲಕ್ಕೆ ಬೀಳುತ್ತವೆ. ನೂರಾರು ವರ್ಷ ಇದೇ ನಡೆದರೆ ಕಳೆಯ ಬೀಜ ಬೆಳೆಯ ಬೀಜದ ಅಳತೆಗೆ ಬಂದುಬಿಡುತ್ತದೆ. ಯಾರೂ ಬಯಸಿ ಮಾಡಿದ್ದಲ್ಲ. ಕಳೆಯನ್ನು ಓಡಿಸಲು ಹಿಡಿದ ಮೊರವೇ ಕಳೆಗೆ ವೇಷ ಹಾಕಿಸಿತು.

ಅಗಸೆ ಹೊಲದಲ್ಲಿ ಬೆಳೆಯುವ ಒಂದು ಕಳೆಯಲ್ಲಿ ಇದೇ ಆಗಿರುವುದನ್ನು ರಷ್ಯಾದ ಇನ್ನೊಬ್ಬ ಸಸ್ಯವಿಜ್ಞಾನಿ 1909ರ ಹೊತ್ತಿಗೇ ತೋರಿಸಿದ್ದರು. ಚನ್ನಂಗಿ ಅಂದರೆ ಮಸೂರ್ ಹೊಲದ ಕಳೆ ಇನ್ನೂ ಮಜವಾದದ್ದು. ಆ ಕಳೆಯ ಬೀಜ ಸಾಮಾನ್ಯವಾಗಿ ಗುಂಡಗಿರುತ್ತದೆ. ಚನ್ನಂಗಿಯ ಜೊತೆ ಬೆಳೆಯುವಲ್ಲಿ ಅದೂ ಚನ್ನಂಗಿಯ ಹಾಗೆ ಚಪ್ಪಟೆಯಾಗಿಬಿಟ್ಟಿರುವುದುಂಟು. ಇಂಥ ವೇಷವನ್ನು ಜೀವವಿಜ್ಞಾನದಲ್ಲಿ ಇವತ್ತು ಕರೆಯುವುದು ವಾವಿಲೋವ್ ಹೆಸರಿನಿಂದಲೇ.

ಅದೇ 1916ರಲ್ಲಿ ಅವರು ಪಾಮೀರ್ ಬೆಟ್ಟಗಳನ್ನು ಹತ್ತಿದರು. ಕೆಳಗಿನ ಕಣಿವೆಯಲ್ಲಿ ಗೋಧಿ ಹೊಲ, ಅದರಲ್ಲಿ ಅಲ್ಲಲ್ಲಿ ರೈ ಎಂಬ ಧಾನ್ಯ ಕಳೆಯಾಗಿ ಎದ್ದಿತ್ತು. ಮೇಲೆ ಮೇಲೆ ಹೋದ ಹಾಗೆ ಚಳಿ ಹೆಚ್ಚು, ಗೋಧಿ ಕಡಿಮೆ, ರೈ ಜಾಸ್ತಿ. ತೀರಾ ಎತ್ತರದಲ್ಲಿ ಹೊಲದ ತುಂಬಾ ರೈ ಮಾತ್ರ, ಅಲ್ಲಿ ಜನ ಅದನ್ನೇ ಬೆಳೆಯೆಂದು ಬಿತ್ತಿ ತಿನ್ನುತ್ತಿದ್ದರು. ಗೋಧಿಯ ಅಳತೆಗೆ ಬಂದು ಗೋಧಿ ಚೀಲದೊಳಗೆ ನುಸುಳಿದ ಕಳೆ, ಗೋಧಿ ಸಾಯುವ ಜಾಗದಲ್ಲಿ ತಾನೇ ಬೆಳೆಯಾಯಿತು. ಯೂರೋಪಿನ ಕಪ್ಪು ರೊಟ್ಟಿಯ ಧಾನ್ಯ ಹುಟ್ಟಿದ್ದು ಹೀಗೆ ಎಂದು ವಾವಿಲೋವ್ 1917ರಲ್ಲಿ ಬರೆದರು. ಅವರಿಗಾಗ 30 ವರ್ಷವೂ ಪೂರ್ತಿ ತುಂಬಿರಲಿಲ್ಲ. (ನನಗೂ ಅದೇ ವಯಸ್ಸಿನ ಆಸುಪಾಸು. ಹೋಲಿಸಿಕೊಳ್ಳುವುದನ್ನು ಬಿಟ್ಟಿದ್ದೇನೆ.)

ಸಣ್ಣ ಬೀಜ, ದಪ್ಪ ಬೀಜ: ಗಿಡದ ಲೆಕ್ಕಾಚಾರ

ಮುಂದಕ್ಕೆ ಹೋಗುವ ಮೊದಲು ಬೀಜದ ಗಾತ್ರದ ಮೂಲ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಗಿಡಕ್ಕೆ ಒಂದು ವರ್ಷಕ್ಕೆ ಸಿಗುವ ಆಹಾರ ಇಷ್ಟೇ ಎಂದು ಮಿತಿ ಇರುತ್ತದೆ. ಅದನ್ನು ಸಾವಿರಾರು ಸಣ್ಣ ಬೀಜಗಳಿಗೆ ಹಂಚಬಹುದು, ಇಲ್ಲವೇ ಕೆಲವೇ ದಪ್ಪ ಬೀಜಗಳಿಗೆ ಕಟ್ಟಿ ಕೊಡಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. ನಮ್ಮ ರಸ್ತೆ ಬದಿಯ ಪಾರ್ಥೇನಿಯಂ ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ತೆಂಗಿನ ಮರ ಒಂದೊಂದು ಕಾಯಿಗೂ ತಿಂಗಳುಗಟ್ಟಲೆ ಆಹಾರ ತುಂಬುತ್ತದೆ. ಆರ್ಕಿಡ್ ಬೀಜ ಧೂಳಿನಷ್ಟು, ಅದರಲ್ಲಿ ಬುತ್ತಿಯೇ ಇಲ್ಲ, ಮಣ್ಣಿನ ಶಿಲೀಂಧ್ರ ಸಹಾಯ ಮಾಡಿದರೆ ಮಾತ್ರ ಮೊಳಕೆ. ಇನ್ನೊಂದು ಕೊನೆಯಲ್ಲಿ ಸೀಶೆಲ್ಸ್ ದ್ವೀಪಗಳ ಜೋಡಿ ತೆಂಗಿನ ಬೀಜ, ಹದಿನೈದು ಕೆಜಿಯನ್ನೂ ದಾಟುತ್ತದೆ.

ದಪ್ಪ ಬೀಜದ ಲಾಭ ಅದರ ಬುತ್ತಿ. ನೆರಳಿದ್ದರೂ, ಮಣ್ಣು ಒಣಗಿದ್ದರೂ, ಆಳದಲ್ಲಿ ಹೂತಿದ್ದರೂ ಕೆಲವು ದಿನ ತಡೆದುಕೊಳ್ಳುತ್ತದೆ. ಸಣ್ಣದರ ಲಾಭ ಸಂಖ್ಯೆ ಮತ್ತು ಓಡಾಟ. ಎಲ್ಲೆಲ್ಲೋ ಬಿದ್ದು, ಎಷ್ಟೋ ವರ್ಷ ಮಣ್ಣಿನಲ್ಲಿ ಮಲಗಿ, ಬೆಳಕು ಬಿದ್ದ ದಿನ ಏಳುತ್ತದೆ. ನಮ್ಮ ರೈತರಿಗೆ ಇದು ಹೊಸ ವಿಷಯವಲ್ಲ. ರಾಗಿಯನ್ನು ಮೇಲುಮೇಲೆ ಬಿತ್ತಬೇಕು, ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವ ಮೊದಲೇ ಬುತ್ತಿ ಮುಗಿಯುತ್ತದೆ. ಅವರೆ, ಕಡಲೆ ಆಳದಿಂದಲೂ ಎದ್ದು ಬರುತ್ತವೆ.

ಮನುಷ್ಯ ಬೇಸಾಯ ಶುರು ಮಾಡಿದಾಗ ಈ ತಕ್ಕಡಿ ಒಂದು ಕಡೆಗೆ ವಾಲಿತು. ಉತ್ತ ಮಣ್ಣಿನಲ್ಲಿ ಬೀಜ ಆಳಕ್ಕೆ ಹೋಗುತ್ತದೆ, ಒತ್ತೊತ್ತಾಗಿ ಮೊಳಕೆ ಏಳುತ್ತದೆ, ದಪ್ಪ ಬೀಜದ ಸಸಿ ಗೆಲ್ಲುತ್ತದೆ. ಮೇಲಾಗಿ ದಪ್ಪ ಕಾಳು ಕಂಡರೆ ಬಿತ್ತನೆಗೆ ಎತ್ತಿಡುವ ಅಭ್ಯಾಸ ಎಲ್ಲ ಕಡೆ ಇದೆ. ಹೀಗೆ ಸಾವಿರಾರು ವರ್ಷಗಳಲ್ಲಿ ಗೋಧಿ, ಬಾರ್ಲಿ, ಕಡಲೆ, ಹೆಸರು ಎಲ್ಲವೂ ತಮ್ಮ ಕಾಡು ನೆಂಟರಿಗಿಂತ ದಪ್ಪಗಾದವು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಯಾದ ಹುರುಳಿ, ಹೆಸರುಕಾಳು ಸಿಕ್ಕಿವೆ. ಆ ಕಾಲದಲ್ಲಿ ಜೀನ್ ತಿದ್ದುವ ಲ್ಯಾಬ್ ಇರಲಿಲ್ಲ ಎಂದು ಚಿಕ್ಕಮ್ಮನಿಗೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಕಡಲೆ ಪೂರ್ವದಲ್ಲಿ ಸಣ್ಣ, ಪಶ್ಚಿಮದಲ್ಲಿ ದಪ್ಪ

1917ರಲ್ಲಿ ವಾವಿಲೋವ್ ವೋಲ್ಗಾ ದಡದ ಸರಾತೋವ್ ನಗರದಲ್ಲಿ ಪ್ರೊಫೆಸರ್ ಆದರು. ಊರಿನ ಈ ಹೆಸರನ್ನು ನೆನಪಿಟ್ಟುಕೊಳ್ಳಿ. 1920ರಲ್ಲಿ ಅಲ್ಲಿ ನಡೆದ ಸಮ್ಮೇಳನದಲ್ಲಿ ಅವರು ಮಂಡಿಸಿದ ನಿಯಮ ಸರಳ: ಹತ್ತಿರದ ನೆಂಟರಾದ ಗಿಡಗಳಲ್ಲಿ ವ್ಯತ್ಯಾಸಗಳೂ ಒಂದೇ ಜಾಡಿನಲ್ಲಿ ಬರುತ್ತವೆ. ಒಂದು ದ್ವಿದಳದಲ್ಲಿ ಸಣ್ಣ, ದಪ್ಪ, ಕಪ್ಪು, ಬಿಳಿ ಕಾಳಿನ ತಳಿಗಳಿದ್ದರೆ ಅದರ ನೆಂಟನಲ್ಲೂ ಅವನ್ನು ಹುಡುಕಿ, ಸಿಗುತ್ತವೆ.

ಮುಂದಿನ ವರ್ಷ ಅವರನ್ನು ಪೆಟ್ರೊಗ್ರಾಡಿಗೆ, ಅಂದರೆ ಮುಂದೆ ಲೆನಿನ್‌ಗ್ರಾಡ್ ಆದ ನಗರಕ್ಕೆ ಕರೆಸಿಕೊಂಡರು. ಬೆಳೆ ಸಸ್ಯಗಳ ಸಂಸ್ಥೆಯ ಹೊಣೆ. ಅಲ್ಲಿಂದ ಶುರುವಾಯಿತು ತಿರುಗಾಟ: 1924ರಲ್ಲಿ ಅಫ್ಘಾನಿಸ್ತಾನ, 1926-27ರಲ್ಲಿ ಮೆಡಿಟರೇನಿಯನ್ ದೇಶಗಳು ಮತ್ತು ಇಥಿಯೋಪಿಯಾ, 1929ರಲ್ಲಿ ಚೀನಾ, ಜಪಾನ್, ಕೊರಿಯಾ, ಆಮೇಲೆ ಅಮೆರಿಕ ಖಂಡಗಳು. ಪ್ರತಿ ಸಂತೆಯಲ್ಲೂ, ಪ್ರತಿ ಹೊಲದಲ್ಲೂ ಒಂದು ಹಿಡಿ ಬೀಜ. 1940ರ ಹೊತ್ತಿಗೆ ಸಂಸ್ಥೆಯಲ್ಲಿ ಸುಮಾರು ಎರಡೂವರೆ ಲಕ್ಷ ಮಾದರಿಗಳಿದ್ದವು. ಅಷ್ಟು ದೊಡ್ಡ ಬೀಜ ಸಂಗ್ರಹ ಆಗ ಬೇರೆಲ್ಲೂ ಇರಲಿಲ್ಲ.

ಅಷ್ಟೊಂದು ಕಾಳು ಮೇಜಿನ ಮೇಲೆ ಹರಡಿಕೊಂಡಾಗ ಅವರಿಗೆ ಒಂದು ಕ್ರಮ ಕಂಡಿತು. ಭಾರತ, ಅಫ್ಘಾನಿಸ್ತಾನದ ಕಡೆಯ ಚನ್ನಂಗಿ, ಬಟಾಣಿ, ಕಡಲೆ, ಅಗಸೆ ಸಣ್ಣವು. ಪಶ್ಚಿಮಕ್ಕೆ ಹೋದ ಹಾಗೆ ದಪ್ಪ. ಮೆಡಿಟರೇನಿಯನ್ ದಡದಲ್ಲಿ ಎಲ್ಲಕ್ಕಿಂತ ದಪ್ಪ. ಒಂದೇ ಬೆಳೆಯಲ್ಲಾದರೆ ಆಕಸ್ಮಿಕ ಎನ್ನಬಹುದಿತ್ತು. ಇಷ್ಟೊಂದು ಬೆಳೆಗಳಲ್ಲಿ ಒಂದೇ ದಿಕ್ಕಿಗೆ ಹೀಗೆ ಕಂಡರೆ ಹಾಗೆನ್ನುವುದು ಕಷ್ಟ. ಒಂದೊಂದು ಸೀಮೆಯ ಹವೆ, ಮಣ್ಣು, ಅಲ್ಲಿನ ರೈತರು ತಲೆಮಾರುಗಳಿಂದ ಆರಿಸಿಕೊಂಡು ಬಂದ ರೀತಿ, ಎಲ್ಲ ಸೇರಿ ಕಾಳಿನ ಮೇಲೆ ಅಚ್ಚೊತ್ತುತ್ತವೆ.

ಚಿಕ್ಕಮ್ಮನ ತಟ್ಟೆಗಳ ಕಥೆ ಇದೇ. ನಮ್ಮ ಕಂದು ಕಡಲೆ ಪೂರ್ವದ ಸಣ್ಣ ಬಗೆ, ಸಿಪ್ಪೆ ದಪ್ಪ, ಹಾಗಾಗಿ ನಾರಿನಂಶ ಹೆಚ್ಚು. ಬಿಳಿ ಕಡಲೆ ಪಶ್ಚಿಮದ ದಪ್ಪ ಬಗೆ, ಸಿಪ್ಪೆ ತೆಳು. ಅಫ್ಘಾನಿಸ್ತಾನದ ದಾರಿಯಲ್ಲಿ ಇಲ್ಲಿಗೆ ಬಂದದ್ದರಿಂದ ಕಾಬೂಲಿ ಎಂದು ಹೆಸರು. ಎರಡೂ ಒಂದೇ ಜಾತಿ, ಎರಡೂ ರೈತರು ಬೆಳೆಸಿದವು. ಭಾರತದಲ್ಲಿ ರೈತರ ಹೊಲಕ್ಕೆ ವಾಣಿಜ್ಯವಾಗಿ ಬಂದಿರುವ ಜಿಎಂ ಬೆಳೆ ಹತ್ತಿ ಮಾತ್ರ. ಕಡಲೆ ದಪ್ಪಗಿರುವುದು ಜಿಎಂ ಎಂಬುದಕ್ಕೆ ಗುರುತಲ್ಲ, ವಿಷಕ್ಕೂ ಗುರುತಲ್ಲ.

ಚನ್ನಂಗಿಯ ಅಧ್ಯಯನ ಮಾಡಿದವರು ಯೆಲೆನಾ ಬಾರುಲಿನಾ. ಸರಾತೋವಿನವರು, ಅಲ್ಲೇ ವಾವಿಲೋವ್ ಅವರ ವಿದ್ಯಾರ್ಥಿನಿಯಾಗಿದ್ದವರು, 1926ರಲ್ಲಿ ಅವರ ಹೆಂಡತಿಯಾದವರು. ಚನ್ನಂಗಿಯನ್ನು ಕಾಳಿನ ಗಾತ್ರ ನೋಡಿ ಸಣ್ಣ ಬೀಜದ್ದು, ದಪ್ಪ ಬೀಜದ್ದು ಎಂದು ಎರಡು ಗುಂಪು ಮಾಡಿ 1930ರಲ್ಲಿ ಅವರು ಪುಸ್ತಕ ಪ್ರಕಟಿಸಿದರು. ಇವತ್ತಿಗೂ ಚನ್ನಂಗಿ ತಳಿ ಅಭಿವೃದ್ಧಿ ಮಾಡುವವರು ಅದೇ ವಿಂಗಡಣೆಯ ಹೆಸರು ಬಳಸುತ್ತಾರೆ. ವಾವಿಲೋವ್ ಬಗ್ಗೆ ಬರುವ ಫಾರ್ವರ್ಡುಗಳಲ್ಲಿ ಬಾರುಲಿನಾ ಹೆಸರು ನನಗೆ ಒಮ್ಮೆಯೂ ಸಿಕ್ಕಿಲ್ಲ.

ಬೆಳೆಗಳ ತವರು ಎಂದು ವಾವಿಲೋವ್ ಗುರುತು ಹಾಕಿದ ಜಾಗಗಳಲ್ಲಿ ಭಾರತವೂ ಒಂದು. ಭತ್ತ, ಬದನೆ, ಸೌತೆ, ಮಾವು, ಇವೆಲ್ಲ ಆ ಪಟ್ಟಿಯಲ್ಲಿವೆ. ಅವರು ಮಾತ್ರ ಇಲ್ಲಿಗೆ ಬರಲಾಗಲಿಲ್ಲ. ಸಂಸ್ಥೆಯ ಸಹೋದ್ಯೋಗಿಯೊಬ್ಬರು ಬಂದು ಬೀಜ ಒಯ್ದರು.

ಹತ್ತು ವರ್ಷ ಕಾಯಲು ಯಾರಿಗೆ ಪುರುಸೊತ್ತು

1930ರ ದಶಕದಲ್ಲಿ ಸೋವಿಯತ್ ಸರ್ಕಾರಕ್ಕೆ ಧಾನ್ಯ ಬೇಕಿತ್ತು, ಈಗಲೇ ಬೇಕಿತ್ತು. ಹೊಸ ತಳಿ ಬರಲು ಹತ್ತಾರು ವರ್ಷ ಬೇಕು ಎನ್ನುತ್ತಿದ್ದರು ವಾವಿಲೋವ್. ಟ್ರೊಫಿಮ್ ಲೈಸೆಂಕೊ ಎಂಬವರು ಎರಡು ಮೂರು ವರ್ಷ ಸಾಕು ಎಂದರು. ಬೀಜವನ್ನು ನೆನೆಸಿ ಚಳಿಯಲ್ಲಿಟ್ಟು ಬಿತ್ತಿದರೆ ಇಳುವರಿ ಏರುತ್ತದೆ, ಪರಿಸರ ಬದಲಿಸಿದರೆ ಗಿಡದ ಗುಣವೇ ಬದಲಾಗಿ ಮಕ್ಕಳಿಗೂ ಇಳಿಯುತ್ತದೆ, ಜೀನ್ ಎಂಬುದೆಲ್ಲ ಬೂರ್ಜ್ವಾಗಳ ಕಟ್ಟುಕಥೆ ಎಂಬ ವಾದ ಅವರದು. ನೆನೆಸಿ ಚಳಿಯಲ್ಲಿಡುವ ಪದ್ಧತಿಯಲ್ಲಿ ಸ್ವಲ್ಪ ಸತ್ಯ ಇತ್ತು, ಕೆಲವು ಬೆಳೆ ಬೇಗ ಹೂ ಬಿಡುತ್ತವೆ. ಆದರೆ ಆ ಗುಣ ಮುಂದಿನ ಪೀಳಿಗೆಗೆ ಇಳಿಯುವುದಿಲ್ಲ. ಲೈಸೆಂಕೊ ಅವರನ್ನು ಶುರುವಿನಲ್ಲಿ ಬೆನ್ನು ತಟ್ಟಿದವರಲ್ಲಿ ವಾವಿಲೋವ್ ಕೂಡ ಇದ್ದರು. ಇದನ್ನು ಹೇಳದೇ ಬಿಟ್ಟರೆ ಕಥೆ ಸುಳ್ಳಾಗುತ್ತದೆ.

ಸ್ಟಾಲಿನ್ ಬೆಂಬಲ ಲೈಸೆಂಕೊ ಕಡೆಗಿತ್ತು. ವಾವಿಲೋವ್ ತಾವೇ ಮೊದಲ ಅಧ್ಯಕ್ಷರಾಗಿದ್ದ ಕೃಷಿ ವಿಜ್ಞಾನಗಳ ಅಕಾಡೆಮಿಗೆ 1938ರಲ್ಲಿ ಲೈಸೆಂಕೊ ಅಧ್ಯಕ್ಷರಾದರು. ವಾವಿಲೋವ್ ಬಹಿರಂಗ ಸಭೆಗಳಲ್ಲಿ ತಮ್ಮ ಮಾತು ಬದಲಿಸಲಿಲ್ಲ.

1940ರ ಆಗಸ್ಟ್ 6ರಂದು ಅವರು ಪಶ್ಚಿಮ ಉಕ್ರೇನಿನ ಚೆರ್ನಿವ್ಟ್ಸಿ ಬಳಿ ಬೀಜ ಹುಡುಕುತ್ತಿದ್ದರು. ಒಂದು ಕಪ್ಪು ಕಾರು ಬಂತು, ಮಾಸ್ಕೋದಿಂದ ತುರ್ತು ಕರೆ ಎಂದರು, ಕೂರಿಸಿಕೊಂಡು ಹೋದರು. ಅವರ ಚೀಲ ಸಂಗಡಿಗರ ಬಳಿ ಉಳಿಯಿತು. ಬಿಚ್ಚಿ ನೋಡಿದರೆ ಅದರಲ್ಲಿ ಅಂದು ಕಿತ್ತ ಹಳೆಯ ಬಗೆಯ ಗೋಧಿಯ ತೆನೆಗಳು.

ಗೂಢಚಾರಿಕೆ, ಬೇಸಾಯಕ್ಕೆ ದ್ರೋಹ ಎಂಬ ಆರೋಪ. ನೂರಾರು ಬಾರಿ ವಿಚಾರಣೆ. 1941ರ ಜುಲೈ 9ರಂದು ಮರಣದಂಡನೆ, ಮರುವರ್ಷ ಅದು 20 ವರ್ಷದ ಜೈಲಾಯಿತು. ಅಷ್ಟರಲ್ಲಿ ಜರ್ಮನ್ ಸೈನ್ಯ ಮಾಸ್ಕೋ ಹತ್ತಿರ ಬಂದಿತ್ತು. ಕೈದಿಗಳನ್ನು ಪೂರ್ವಕ್ಕೆ ಸಾಗಿಸಿದರು. ವಾವಿಲೋವ್ ಹೋಗಿ ಬಿದ್ದದ್ದು ಸರಾತೋವ್ ಜೈಲಿಗೆ, ತಾವು ಪ್ರೊಫೆಸರ್ ಆಗಿದ್ದ ಊರಿಗೆ.

ಬಾರುಲಿನಾ ಕೂಡ ಲೆನಿನ್‌ಗ್ರಾಡ್ ಬಿಟ್ಟು ಮಗನೊಂದಿಗೆ ಸರಾತೋವಿನ ತವರಿಗೆ ಬಂದಿದ್ದರು. ಗಂಡ ಮಾಸ್ಕೋದ ಜೈಲಿನಲ್ಲಿದ್ದಾರೆ ಎಂದುಕೊಂಡು, ತಮಗೇ ಸಾಲದ ಪಡಿತರದಲ್ಲಿ ಉಳಿಸಿ ಆಹಾರದ ಪೊಟ್ಟಣ ಕಟ್ಟಿ ಮಾಸ್ಕೋಗೆ ಕಳಿಸುತ್ತಿದ್ದರು. ಗಂಡ ಇದ್ದದ್ದು ಅದೇ ಊರಿನಲ್ಲಿ. ಅವರಿಗೆ ಯಾರೂ ಹೇಳಲಿಲ್ಲ. 1943ರ ಜನವರಿ 26ರಂದು, 55ನೇ ವಯಸ್ಸಿನಲ್ಲಿ, ವಾವಿಲೋವ್ ಅದೇ ಜೈಲಿನಲ್ಲಿ ಹಸಿವಿನಿಂದ ಸೊರಗಿ ತೀರಿಕೊಂಡರು. ಮಣ್ಣು ಮಾಡಿದ್ದು ಸಾಮೂಹಿಕ ಗುಂಡಿಯಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೇ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತ್ತು.

ಹಾಗಾದರೆ ಉಗ್ರಾಣದಲ್ಲಿ ಸತ್ತವರು ಯಾರು?

ಫಾರ್ವರ್ಡ್ ಎರಡು ಸಾವುಗಳನ್ನು ಒಂದು ಮಾಡಿದೆ. ಲೆನಿನ್‌ಗ್ರಾಡಿನ ಮುತ್ತಿಗೆ ಶುರುವಾದದ್ದು 1941ರ ಸೆಪ್ಟೆಂಬರ್ 8ರಂದು. ಅಷ್ಟು ಹೊತ್ತಿಗೆ ವಾವಿಲೋವ್ ಜೈಲು ಸೇರಿ ವರ್ಷ ದಾಟಿತ್ತು. ಉಗ್ರಾಣ ಕಾದವರು ಅವರ ಸಹೋದ್ಯೋಗಿಗಳು. ತಮ್ಮ ನಿರ್ದೇಶಕರು ಎಲ್ಲಿದ್ದಾರೆ, ಬದುಕಿದ್ದಾರೋ ಇಲ್ಲವೋ ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಹೆಸರು ಜೋರಾಗಿ ಹೇಳುವುದೂ ಅಪಾಯವಾಗಿತ್ತು.

ಮುತ್ತಿಗೆ 872 ದಿನ ನಡೆಯಿತು. 1941ರ ಚಳಿಗಾಲದಲ್ಲಿ ಕಾರ್ಖಾನೆ ಕಾರ್ಮಿಕರನ್ನು ಬಿಟ್ಟು ಉಳಿದವರಿಗೆ ಸಿಗುತ್ತಿದ್ದದ್ದು ದಿನಕ್ಕೆ 125 ಗ್ರಾಂ ರೊಟ್ಟಿ. ಸಂಸ್ಥೆಯವರು ಇಲಿ ಬಾರದ ಹಾಗೆ ಬೀಜವನ್ನು ತಗಡಿನ ಡಬ್ಬಿಗಳಲ್ಲಿ ಕಟ್ಟಿಟ್ಟು ಸರದಿಯಲ್ಲಿ ಕಾವಲು ಕಾದರು. ಗುಂಡಿನ ಸುರಿಮಳೆಯ ನಡುವೆ ಊರಾಚೆಯ ಪಾವ್ಲೊವ್ಸ್ಕ್ ಹೊಲಗಳಿಂದ ಆಲೂಗಡ್ಡೆ ತಳಿಗಳನ್ನು ಅಗೆದು ತಂದರು. ಕಡಲೆಕಾಯಿಯ ತಜ್ಞ ಅಲೆಕ್ಸಾಂಡರ್ ಶ್ಚುಕಿನ್ ತಮ್ಮ ಮೇಜಿನ ಮುಂದೆಯೇ ಹೋದರು. ಭತ್ತದ ತಜ್ಞ ಡಿಮಿಟ್ರಿ ಇವಾನೋವ್ ಸತ್ತಾಗ ಅವರ ಕೋಣೆಯಲ್ಲಿ ಸಾವಿರಾರು ಪೊಟ್ಟಣ ಭತ್ತ ಹಾಗೇ ಇತ್ತು. ಓಟ್ಸ್ ನೋಡಿಕೊಳ್ಳುತ್ತಿದ್ದ ಲಿಡಿಯಾ ರೋಡಿನಾ ಕೂಡ ಹಸಿವಿನಿಂದ ಸತ್ತರು. ಇವರಲ್ಲದೆ ಇನ್ನೂ ಹಲವರು. ದಪ್ಪ ಬೀಜ, ಸಣ್ಣ ಬೀಜ, ಯಾವುದನ್ನೂ ಬೇಯಿಸಲಿಲ್ಲ.

ಇನ್ನೊಂದು ವಿಷಯ. 1945ರಲ್ಲಿ ಸ್ಟಾಲಿನ್ ಸರ್ಕಾರ ಸೋವಿಯತ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದ್ದು ಭೌತವಿಜ್ಞಾನಿ ಸೆರ್ಗೆಯ್ ವಾವಿಲೋವ್ ಅವರನ್ನು, ಜೈಲಿನಲ್ಲಿ ಸತ್ತವರ ಸ್ವಂತ ತಮ್ಮನನ್ನು. ನಿಕೊಲಾಯ್ ಅವರ ಮೇಲಿನ ಆರೋಪ ರದ್ದಾದದ್ದು 1955ರಲ್ಲಿ. ಬಾರುಲಿನಾ ಅದನ್ನು ಕಂಡರು, ಗಂಡನ ಬರಹಗಳನ್ನು ಜೋಡಿಸಲು ಕೂತರು, 1957ರಲ್ಲಿ ತೀರಿಕೊಂಡರು. ಸಂಸ್ಥೆ ಈಗ ವಾವಿಲೋವ್ ಹೆಸರಿನಲ್ಲೇ ಇದೆ.

ಅಲ್ಲಿ ಉಳಿದ ಮಾದರಿಗಳಲ್ಲಿ ಕಡಲೆಯೂ ಇತ್ತು. 1920, 30ರ ದಶಕದಲ್ಲಿ ಕೂಡಿಸಿದ, ಭಾರತದ್ದೂ ಸೇರಿದಂತೆ 400ಕ್ಕೂ ಹೆಚ್ಚು ಕಡಲೆ ತಳಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಯಾವ ಸೀಮೆಯ ಹವೆ, ಯಾವ ಸೀಮೆಯ ರೈತರ ಆಯ್ಕೆ ಕಡಲೆಯ ಮೇಲೆ ಎಂಥ ಗುರುತು ಬಿಟ್ಟಿದೆ ಎಂದು ಅದರಲ್ಲಿ ಹುಡುಕಿದ್ದಾರೆ. ಕಾಬೂಲಿಯ ಫಾರ್ವರ್ಡಿನ ಕೆಳಗೆ ಇದನ್ನು ಬರೆದು ಹಾಕಿದ್ದೆ. ಚಿಕ್ಕಮ್ಮ ತಮ್ಮ ಪೋಸ್ಟ್ ಅಳಿಸಿದರು. ದೊಡ್ಡಪ್ಪ ಮಾತ್ರ ಬಾರುಲಿನಾ ಫೋಟೋ ಇದ್ದರೆ ಕಳಿಸು ಎಂದು ಕೇಳಿದ್ದಾರೆ.